ಅಳಿಸಿದರೂ ಅಳಿಯದ ಬರಹ

ಸಂಡೂರು ತಾಲ್ಲೂಕಿನ ಕುರೆಕುಪ್ಪದವರಿಗೆ ಕಬ್ಬಿಣದ ಪರಿಚಯ ಮಾಡಿಕೊಡಬೇಕಾದುದಿಲ್ಲ. ಒಂದೆಡೆ ಬೆಟ್ಟಗಳ ಕೆಂಪು ಅದಿರು, ಇನ್ನೊಂದೆಡೆ ನೆರೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಆ ಅದಿರು ಕಬ್ಬಿಣದ ಆಕ್ಸೈಡು. ಅದರ ಒಡಹುಟ್ಟಿದಂಥ ಇನ್ನೊಂದು ಆಕ್ಸೈಡು ಮನುಷ್ಯನ ಬರಹವನ್ನೂ ನೆನಪಿನಲ್ಲಿಟ್ಟುಕೊಳ್ಳಬಲ್ಲುದೆಂಬುದು ಮಾತ್ರ ಅನೇಕರಿಗೆ ಸೋಜಿಗವೆನಿಸೀತು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊಟ್ಟಮೊದಲ ಕಂಪ್ಯೂಟರ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅವುಗಳ ಮೇಲೆ ಬಳಿದಿದ್ದುದು ಕಬ್ಬಿಣದ ಆಕ್ಸೈಡಿನ ಲೇಪವೇ. ಇಂದು ಲೇಪ ಬದಲಾಗಿದೆ, ತಟ್ಟೆ ಅಂಗೈಗಿಂತ ಚಿಕ್ಕದಾಗಿದೆ. ಕಾಂತಶಕ್ತಿಯಿಂದ ಬರೆಯುವ ತತ್ತ್ವ ಅದೇ ಉಳಿದಿದೆ.

ಈ ನೆನಪು ಬಲು ಗಟ್ಟಿ. ನಾವು ‘ಡಿಲೀಟ್’ ಒತ್ತಿದಾಗ ಯಂತ್ರವು ಕಡತದ ಹೆಸರನ್ನು ಪಟ್ಟಿಯಿಂದ ತೆಗೆದು, ಆ ಜಾಗ ಖಾಲಿಯೆಂದು ಗುರುತು ಹಾಕುತ್ತದೆ, ಅಷ್ಟೆ. ವಾರಪತ್ರಿಕೆಯ ಪರಿವಿಡಿಯನ್ನು ಹರಿದುಹಾಕಿದ ಮಾತ್ರಕ್ಕೆ ಒಳಗಿನ ಧಾರಾವಾಹಿಯ ಕಂತು ಮಾಯವಾದೀತೆ?

ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಗೃಹಸ್ಥರು ಇದನ್ನು ಮರೆಯುತ್ತಾರೆ. ಆಧಾರ್ ಚೀಟಿಯ ಪ್ರತಿ, ಬ್ಯಾಂಕಿನ ಲೆಕ್ಕ, ಮಗಳ ಮದುವೆಯ ಚಿತ್ರಗಳು ಎಲ್ಲವೂ ಅದರೊಡನೆ ಅಪರಿಚಿತರ ಕೈಸೇರುತ್ತವೆ. ಅಮೆರಿಕದ ಎಂ.ಐ.ಟಿ.ಯ ಇಬ್ಬರು ಸಂಶೋಧಕರು 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಓದಲು ಸಾಧ್ಯವಾದ 129ರಲ್ಲಿ ಸರಿಯಾಗಿ ಅಳಿಸಿದ್ದುವು ಕೇವಲ 12! ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳೇ 5,000ಕ್ಕೂ ಮಿಕ್ಕಿ ದೊರೆತವು.

ಹಾಗಾದರೆ ಉಪಾಯವೇನು? ತಿರುಗುವ ತಟ್ಟೆಯ ಡಿಸ್ಕಾದರೆ ಆದ್ಯಂತವಾಗಿ ಅದರ ಮೇಲೆ ಸೊನ್ನೆಗಳನ್ನು ಬರೆಯಿಸಬೇಕು. ಈಗಿನ ವಿಂಡೋಸಿನಲ್ಲಿ ‘ಕ್ವಿಕ್’ ಎಂಬ ಗುರುತನ್ನು ತೆಗೆದು ಫಾರ್ಮ್ಯಾಟ್ ಮಾಡಿದರೆ ಈ ಕೆಲಸವೇ ನಡೆಯುತ್ತದೆ. ಗಂಟೆಗಟ್ಟಲೆ ಹಿಡಿದೀತು, ಬೇಸರಿಸಬಾರದು. 35 ಸಲ ಬರೆಯಬೇಕೆಂಬ ಮಾತು 1996ರ ಒಂದು ಲೇಖನದಿಂದ ಹಬ್ಬಿದ್ದು; ಇಂದಿನ ಡಿಸ್ಕುಗಳಿಗೆ ಒಂದೇ ಸಲ ಸಾಕು. ಮನೆಯ ಅಯಸ್ಕಾಂತದಿಂದ ಉಜ್ಜುವುದಂತೂ ವ್ಯರ್ಥ ಪ್ರಯಾಸ.

ಎಸ್.ಎಸ್.ಡಿ.ಯ ಸ್ವಭಾವವೇ ಬೇರೆ. ಅದರಲ್ಲಿ ತಟ್ಟೆಯೂ ಇಲ್ಲ, ಕಾಂತವೂ ಇಲ್ಲ. ಒಂದೇ ಕೋಶ ಸವೆಯದಿರಲೆಂದು ಅದು ಹೊಸ ಬರಹವನ್ನು ಬೇರೊಂದು ಜಾಗದಲ್ಲಿ ಬರೆದು, ಹಳೆಯದನ್ನು ಮೂಲೆಯಲ್ಲಿ ಉಳಿಸಿಕೊಂಡಿರಬಹುದು. ಆದಕಾರಣ ಅದನ್ನು ತಯಾರಿಸಿದವರೇ ಒದಗಿಸುವ ‘ಸೆಕ್ಯೂರ್ ಇರೇಸ್’ ಆಜ್ಞೆಯನ್ನು ಬಳಸುವುದು ಲೇಸು. ಇದಕ್ಕಿಂತಲೂ ಜಾಣತನವೆಂದರೆ ಕೊಂಡ ದಿನವೇ ಡಿಸ್ಕನ್ನು ಗೂಢಲಿಪಿಗೆ ಒಳಪಡಿಸುವುದು. ಮುಂದೆ ಅದರ ಕೀಲಿಯನ್ನು ನಾಶಮಾಡಿದರೆ ಉಳಿದ ಬರಹ ಯಾರಿಗೂ ಅರ್ಥವಾಗದು. ಈಚಿನ ಮೊಬೈಲುಗಳಲ್ಲಿ ‘ಫ್ಯಾಕ್ಟರಿ ರೀಸೆಟ್’ ಮಾಡುವುದೂ ಇದನ್ನೇ.

ಕೆಟ್ಟು ನಿಂತ ಡಿಸ್ಕಿಗೆ ಯಾವ ಆಜ್ಞೆಯೂ ತಗಲದು. ಅದನ್ನು ಬಿಚ್ಚಿಸಿ ತಟ್ಟೆಗಳನ್ನು, ಎಸ್.ಎಸ್.ಡಿ.ಯಾದರೆ ಒಳಗಿನ ಪ್ರತಿಯೊಂದು ಚಿಪ್ಪನ್ನೂ, ಪುಡಿಗೈಸಿಯೇ ಇ-ತ್ಯಾಜ್ಯದವರಿಗೆ ಒಪ್ಪಿಸತಕ್ಕದ್ದು. ತಟ್ಟೆ ಗಾಜಿನದಾಗಿರುವುದೂ ಉಂಟು, ಚೂರು ಕಣ್ಣಿಗೆ ಸಿಡಿದೀತು, ಮಕ್ಕಳನ್ನು ದೂರವಿರಿಸಿ.