ಮುಳ್ಳಿನ ಸೀಮೆಯಲ್ಲಿ ಗಾಳಿಯ ಚಕ್ರ

ಮಧುಗಿರಿಯ ಏಕಶಿಲಾಬೆಟ್ಟವನ್ನು ಕಣ್ತುಂಬ ನೋಡಬೇಕೆಂದು ಬರುವ ಪ್ರವಾಸಿಗಳೂ, ಶಿರೆಯಲ್ಲಿ ಮೊಗಲರ ಸುಬೇದಾರಿಯ ಕಾಲದ ಜುಮ್ಮಾ ಮಸೀದಿಯನ್ನೂ ಮಲಿಕ್ ರೆಹಾನನ ಗೋರಿಯನ್ನೂ ಅರಸಿ ಬರುವ ಇತಿಹಾಸಾಸಕ್ತರೂ, ಕೊರಟಗೆರೆಯ ಸಿದ್ಧರ ಬೆಟ್ಟವನ್ನೇರುವ ಭಕ್ತರೂ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆಯ ದೀಪ ಹಚ್ಚಲು ಶನಿವಾರ ಬಸ್ಸು ಹತ್ತುವ ಹರಕೆಯವರೂ ಈ ಸೀಮೆಯ ನೆಲವನ್ನು ಅಷ್ಟಾಗಿ ಗಮನಿಸುವುದಿಲ್ಲ; ಗಮನಿಸಬೇಕಾದ ಅವಶ್ಯಕತೆಯೂ ಅವರಿಗಿಲ್ಲ. ಈ ನೆಲವನ್ನು ಅಂಗುಲ ಅಂಗುಲವಾಗಿ ಬಲ್ಲವರು ಇಬ್ಬರೇ: ಕುರಿಮಂದೆಯ ಹಿಂದೆ ನಡೆಯತಕ್ಕವನೊಬ್ಬ, ಸೈಕಲ್ಲಿನ ಮೇಲೆ ಹೋಗತಕ್ಕವನೊಬ್ಬ. ಮೊದಲನೆಯವನಿಗೆ ದಪ್ಪನೆಯ ಎಕ್ಕಡ ಯಾವುದೆಂಬುದು ಎಷ್ಟು ಮುಖ್ಯವಾದ ಪ್ರಶ್ನೆಯೋ ಎರಡನೆಯವನಿಗೆ ಟೈರು ಯಾವುದೆಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ಇದಕ್ಕೆ ಕಾರಣ ಇಲ್ಲಿಯ ಮುಳ್ಳು. ಕೆರೆಯಂಗಳಗಳಲ್ಲಿ ಬೆಳೆಯುವ ಹಳೆಯ ಜಾಲಿಯ ಕೊಂಬೆಗಳನ್ನು ಆಡುಗಳ ಮೇವಿಗೆಂದು ಸವರಿ ಕೆಡಹಿದಾಗ, ಸೊಪ್ಪು ಆಡಿನ ಹೊಟ್ಟೆಯನ್ನೂ ಮುಳ್ಳು ದಾರಿಯ ಅಂಚನ್ನೂ ಸೇರುತ್ತದೆ. ಅದಕ್ಕಿಂತಲೂ ಕ್ರೂರವಾದದ್ದು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ವೃಕ್ಷವನ್ನು ಪಾವಗಡದಿಂದ ಪೂರ್ವಕ್ಕೆ ಬಹುದೂರವಲ್ಲದ ಕಡಪ ಸೀಮೆಯಲ್ಲಿ 1877ರ ಸುಮಾರಿನಲ್ಲಿ ಬಿತ್ತಿಸಿದರು. ಸೌದೆಯ ಅಭಾವವನ್ನು ನೀಗಿಸಲೆಂದು ಕರೆತಂದ ಅತಿಥಿ ಕಾಲಕ್ರಮದಲ್ಲಿ ಮನೆಯ ಯಜಮಾನನೇ ಆಗಿ, ಇಂದು ಬತ್ತಿದ ಕೆರೆಗಳ ಒಡಲನ್ನೂ ಪಾಳುಬಿದ್ದ ಹೊಲಗಳನ್ನೂ ಆಕ್ರಮಿಸಿ ಕುಳಿತಿದ್ದಾನೆ. ಬೇಲಿಗೆಂದೂ ಇದ್ದಿಲಿಗೆಂದೂ ಅದನ್ನು ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಉದುರಿದ ಮುಳ್ಳುಗಳು, ಭಾರವಾದ ವಾಹನಗಳ ಬೀಸಿಗೆ ಸಿಕ್ಕಿ ರಸ್ತೆಯ ನಡುವಿನಿಂದ ಅಂಚಿಗೆ, ಎಂದರೆ ಸೈಕಲ್ಲಿನವನಿಗೆ ಮೀಸಲಾದ ಆ ಗೇಣಗಲದ ಪಟ್ಟಿಗೆ, ಬಂದು ಬೀಳುವುವು. ಮೂರನೆಯದು ನೆಗ್ಗಿಲು. ನೋಡಲು ಮುದ್ದಾದ ಹಳದಿ ಹೂವಿನ, ನೆಲದ ಮೇಲೆ ಹರಿಯುವ ಈ ಬಳ್ಳಿಯ ಕಾಯಿ ಒಣಗಿ ಐದು ಹೋಳಾಗುತ್ತದೆ; ಹೋಳು ಹೇಗೆ ಬಿದ್ದರೂ ಅದರ ಒಂದು ಮುಳ್ಳಾದರೂ ಮೇಲುಮುಖವಾಗಿ ನಿಲ್ಲುವಂತೆ ಪ್ರಕೃತಿಯು ಅದನ್ನು ರಚಿಸಿದೆ. ಅಮೆರಿಕದ ಪಶ್ಚಿಮ ಪ್ರಾಂತಗಳ ಸೈಕಲ್ ಸವಾರರು ಸಹ ಇದೇ ಗಿಡಕ್ಕೆ ಅಂಜುವರೆಂಬುದು ನಮ್ಮವರಿಗೆ ಅಲ್ಪವಾದ ಸಮಾಧಾನವನ್ನು ಕೊಡಬಹುದು.

ಮುಳ್ಳಿನ ಮಾತು ಹಾಗಿರಲಿ. ರಸ್ತೆಯೂ ತನ್ನ ಪಾಲಿನ ಪರೀಕ್ಷೆಯನ್ನು ಒಡ್ಡುತ್ತದೆ. ಮಳವಳ್ಳಿಯಿಂದ ಹೊರಟು ಮದ್ದೂರು, ಕುಣಿಗಲ್, ತುಮಕೂರುಗಳ ಮೂಲಕ ಕೊರಟಗೆರೆ ಮಧುಗಿರಿಗಳನ್ನು ಹಾದು ಪಾವಗಡಕ್ಕೆ ಹೋಗುವ ರಾಜ್ಯಹೆದ್ದಾರಿ ಈಗ ಬಹುಮಟ್ಟಿಗೆ ನುಣುಪಾಗಿದೆ. ಆದರೆ ಸುಗ್ಗಿಯ ದಿನಗಳಲ್ಲಿ ಒಳದಾರಿಗಳಿಗೆ ಇಳಿದು ನೋಡಿ: ಕಣವೆಂಬುದು ಮಾಯವಾಗಿ ಡಾಂಬರು ರಸ್ತೆಯೇ ಕಣವಾಗಿದೆ, ಹುರುಳಿಯನ್ನೂ ರಾಗಿಯ ತೆನೆಯನ್ನೂ ಮೊಣಕಾಲೆತ್ತರ ಹರವಿ, ಹೋಗಿಬರುವ ಲಾರಿ ಬಸ್ಸುಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೈತರು, ರಾಶಿಯ ಅಂಚು ಚದುರದಿರಲೆಂದು ಸುತ್ತಲೂ ಕಲ್ಲುಗುಂಡುಗಳನ್ನು ಇಟ್ಟಿರುತ್ತಾರೆ. ಒಕ್ಕಣೆ ಮುಗಿದು ರಾಶಿ ಮನೆ ಸೇರಿದರೂ ಕಲ್ಲು ಮಾತ್ರ ಅಲ್ಲಿಯೇ ಉಳಿಯುವುದು. ಇರುಳಿನಲ್ಲಿ ಅದನ್ನು ಕಾಣದೆ ಹಾಯಿಸಿದವನ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ. ಒಳಗಿನ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಎರಡು ತೂತುಗಳು ಅಕ್ಕಪಕ್ಕದಲ್ಲಿ ಮೂಡುತ್ತವೆ.

ಇಂತಹ ನೆಲಕ್ಕೆ ಗಾಳಿ ತುಂಬಿದ ಚಕ್ರ ಬಂದ ಬಗೆಯನ್ನು ಹೇಳಬೇಕಾದರೆ ದೂರದ ಬೆಲ್‌ಫಾಸ್ಟ್ ಪಟ್ಟಣಕ್ಕೆ ಹೋಗಬೇಕು. ಗಾಳಿಯ ಟೈರನ್ನು ಮೊತ್ತಮೊದಲು ಯೋಚಿಸಿದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು. 1845ರಲ್ಲಿಯೇ ಆತನು ತೊಗಲಿನ ಹೊದಿಕೆಯೊಳಗೆ ರಬ್ಬರು ಬಳಿದ ಬಟ್ಟೆಯ ನಾಳವನ್ನಿಟ್ಟು, ಅದಕ್ಕೆ ಏಕಸ್ವಾಮ್ಯವನ್ನು ಪಡೆದು, ಆಮೇಲೆ ಕುದುರೆಗಾಡಿಗಳಿಗೂ ತೊಡಿಸಿ ನೋಡಿದ್ದನು. ಕಾಲ ಪಕ್ವವಾಗಿರಲಿಲ್ಲ, ಸೈಕಲ್ಲೆಂಬ ವಾಹನವೇ ಇನ್ನೂ ರೂಪುಗೊಂಡಿರಲಿಲ್ಲ, ಲೋಕವು ಅದನ್ನು ಮರೆಯಿತು. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ಮೇಲೆ, 1887ರಲ್ಲಿ, ಬೆಲ್‌ಫಾಸ್ಟಿನಲ್ಲಿ ದನಕುದುರೆಗಳಿಗೆ ಚಿಕಿತ್ಸೆ ಮಾಡಿಕೊಂಡಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು, ತನ್ನ ಬಾಲಕನು ಘನರಬ್ಬರಿನ ಗಾಲಿಗಳುಳ್ಳ ಮೂರುಚಕ್ರದ ಗಾಡಿಯಲ್ಲಿ ಕಲ್ಲುಹಾಸಿನ ಬೀದಿಯ ಮೇಲೆ ಎತ್ತೆತ್ತಿ ಹಾಕಿಸಿಕೊಳ್ಳುತ್ತಿದ್ದುದನ್ನು ಕಂಡು, ತೆಳುವಾದ ರಬ್ಬರಿನಿಂದ ನಾಳವನ್ನು ಮಾಡಿ, ಅದನ್ನು ಬಟ್ಟೆಯಿಂದ ಸುತ್ತಿ, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಊದಿಸಿ ಮರದ ಬಿಲ್ಲೆಯೊಂದಕ್ಕೆ ಬಿಗಿದನು. ಅಂಗಳದಲ್ಲಿ ಘನರಬ್ಬರಿನ ಗಾಲಿಯನ್ನೂ ಈ ಗಾಳಿಯ ಗಾಲಿಯನ್ನೂ ಒಂದಾದಮೇಲೊಂದು ಉರುಳಿಸಿ ನೋಡಲಾಗಿ, ಮೊದಲನೆಯದು ಅಂಗಳವನ್ನು ದಾಟಲಾರದೆ ಬಿದ್ದಿತು. ಎರಡನೆಯದು ಕೊನೆಯವರೆಗೂ ಓಡಿ ಆಚೆಯ ಗೇಟಿನ ಕಂಬಕ್ಕೆ ತಾಗಿತು. ಮಗನ ಬೆನ್ನಿನ ಸುಖಕ್ಕಾಗಿ ಮಾಡಿದ ಸಾಧನವು ವೇಗದಲ್ಲಿಯೂ ಮುಂದಾದುದು ಆ ವೈದ್ಯನು ನಿರೀಕ್ಷಿಸದೆ ಇದ್ದ ಲಾಭ. ವಸ್ತುತಃ ಟೈರಿನ ಇಡೀ ಚರಿತ್ರೆಯೇ ಈ ಎರಡು ಗುಣಗಳು ಒಂದೋ ಬೇರೆಯೋ ಎಂಬ ವಿವಾದದ ಚರಿತ್ರೆಯಾಗಿದೆ.

ಡನ್‌ಲಪ್ಪನಿಗೆ 1888ರಲ್ಲಿ ಏಕಸ್ವಾಮ್ಯ ದೊರಕಿತು. ಮರುವರ್ಷ ವಿಲ್ಲಿ ಹ್ಯೂಮ್ ಎಂಬ ಸವಾರನು ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಗಾಳಿಯ ಟೈರನ್ನು ತೊಟ್ಟು ಗೆದ್ದನು. ಥಾಮ್ಸನ್ನನ ಹಳೆಯ ದಾಖಲೆ ಬೆಳಕಿಗೆ ಬಂದು ಡನ್‌ಲಪ್ಪನ ಹಕ್ಕು ರದ್ದಾಯಿತಾದರೂ, ಅಷ್ಟರಲ್ಲಿ ಉದ್ಯಮವು ಬೇರೂರಿತ್ತು. ಆದರೆ ಆ ಟೈರು ರಿಮ್ಮಿಗೆ ಅಂಟಿಕೊಂಡಿದ್ದ ವಸ್ತು. ಪಂಕ್ಚರಾದರೆ ಬಿಚ್ಚಿ ಮತ್ತೆ ಅಂಟಿಸುವುದಕ್ಕೆ ಗಂಟೆಗಟ್ಟಲೆ ಶ್ರಮ, ಅಂಟು ಒಣಗುವುದಕ್ಕೆ ಒಂದು ರಾತ್ರಿ. ಫ್ರಾನ್ಸಿನ ಕ್ಲೆರ್ಮೋ-ಫೆರಾಂ ಪಟ್ಟಣದ ಮಿಷೆಲಿನ್ ಕಾರ್ಖಾನೆಗೆ ಇಂತಹದೊಂದು ಟೈರು ದುರಸ್ತಿಗೆ ಬಂದಾಗ ಎಡ್ವಾರ್ ಮಿಷೆಲಿನ್ನನಿಗೆ, ಕಳಚಿ ತೊಡಿಸಬಹುದಾದ ಟೈರಿನ ಆಲೋಚನೆ ಹೊಳೆಯಿತು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಹಿಂದಿರುಗುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋಂ ಅದೇ ಬಗೆಯ ಟೈರಿನ ಮೇಲೆ ಗೆದ್ದನು. ನಮ್ಮ ಊರುಗಳ ಪಂಕ್ಚರ್ ಅಂಗಡಿಯವರು ಎರಡು ಲಿವರುಗಳಿಂದ ಟೈರನ್ನು ಎಬ್ಬಿಸಿ, ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡಿ, ಉಜ್ಜಿ, ಸಲ್ಯೂಷನ್ ಸವರಿ, ಪ್ಯಾಚು ಒತ್ತಿ ಹತ್ತು ನಿಮಿಷದಲ್ಲಿ ಕಳುಹಿಸಿಕೊಡುವ ವಿದ್ಯೆಗೆ ಅಲ್ಲಿಯೇ ಮೂಲ.

ಭಾರತಕ್ಕೆ ಸೈಕಲ್ಲು ಬಹುಕಾಲ ಹಡಗಿನಲ್ಲಿ ಬಂದ ವಸ್ತುವಾಗಿತ್ತು. ಡನ್‌ಲಪ್ ಕಂಪನಿಯು 1936ರಲ್ಲಿ ಹೂಗ್ಲಿ ದಂಡೆಯ ಸಾಹಾಗಂಜಿನಲ್ಲಿ ಕಾರ್ಖಾನೆಯನ್ನು ತೆರೆದುದು, ಸ್ವಾತಂತ್ರ್ಯಾನಂತರ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ತಲೆಯೆತ್ತಿದುದು, ಇವುಗಳಿಂದ ಅದು ಹಳ್ಳಿಯ ವಾಹನವಾಯಿತು. ಈ ಸೈಕಲ್ ಕಾರ್ಖಾನೆಗಳೆಲ್ಲ ತಯಾರಿಸಿದ ಕರಿಯ ಸೈಕಲ್ಲಿಗೆ ಟೈರು ಒಂದೇ ಅಳತೆಯದು: ಇಪ್ಪತ್ತೆಂಟು ಅಂಗುಲ, ಒಂದೂವರೆ. ಎಂದರೆ ಸುಮಾರು 40 ಮಿಲಿಮೀಟರು ಅಗಲ. ಹಿಂದಿನ ಕ್ಯಾರಿಯರಿನ ಮೇಲೆ ಕಡಲೆಕಾಯಿಯ ಮೂಟೆ, ಡೈರಿಗೆ ಒಯ್ಯುವ ಹಾಲಿನ ಕ್ಯಾನು, ಸಂತೆಗೆ ಹೋಗುವ ತೆಂಗಿನಕಾಯಿ, ಅದರ ಮುಂದೆ ಬಾರಿನ ಮೇಲೆ ಒಂದು ಮಗು. ಇಷ್ಟನ್ನೂ ಹೊತ್ತು ಶಿರೆಯ ಕಲ್ಲುದಾರಿಯಲ್ಲಿ ಅದು ನಡೆಯಿತು. ಆ ಟೈರನ್ನು ಭಾರವೆಂದೂ ಒಡ್ಡೆಂದೂ ನಾಗರಿಕರು ಹಾಸ್ಯ ಮಾಡಿದ್ದುಂಟು. ಆದರೆ ಅದರ ವಿನ್ಯಾಸದಲ್ಲಿದ್ದ ವಿವೇಕವನ್ನು ಗಮನಿಸಬೇಕು: ಕಡ್ಡಿಬ್ರೇಕಿನ ಗುಟ್ಟಿಗಳು ರಿಮ್ಮಿನ ಒಳಮೈಯನ್ನು ಕೆಳಗಿನಿಂದ ಒತ್ತುವುದರಿಂದ ಟೈರು ಎಷ್ಟೇ ದಪ್ಪನಾಗಿದ್ದರೂ ಬ್ರೇಕಿಗೆ ಅಡ್ಡ ಬರುತ್ತಿರಲಿಲ್ಲ, ಅಗಲವಾದ ಟೈರಿಗೆ ಕಡಮೆ ಗಾಳಿ ಸಾಕಾಗಿದ್ದುದರಿಂದ ಗುಂಡಿಯ ಪೆಟ್ಟು ಬೆನ್ನುಮೂಳೆಗೆ ಏರುವ ಮುನ್ನವೇ ಅರ್ಧ ಅಡಗುತ್ತಿತ್ತು, ದಪ್ಪ ರಬ್ಬರು ನೆಗ್ಗಿಲನ್ನು ಬಹಳ ಮಟ್ಟಿಗೆ ತಡೆಯುತ್ತಿತ್ತು.

2006-07ರಲ್ಲಿ ರಾಜ್ಯಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಹಂಚಲು ತೊಡಗಿದ ಮೇಲೆ, ಮನೆಯ ಗಂಡಸಿನ ಸೊತ್ತಾಗಿದ್ದ ಈ ವಾಹನ ಹಳ್ಳಿಯ ಹೆಣ್ಣುಮಕ್ಕಳ ಕೈಸೇರಿ, ಪ್ರೌಢಶಾಲೆಯ ಗೇಟಿನ ಮುಂದೆ ಸಾಲುಗಟ್ಟಿತು. ಅದು ಬೇರೆಯೇ ಬರೆಯಬೇಕಾದ ಕಥೆ.

ನಾವು ಇಲ್ಲಿ ಕೇಳಬೇಕಾದುದು ಇನ್ನೊಂದು ಹೊಸ ಆಗಮನದ ವಿಷಯ. ಬಾಗಿದ ಹ್ಯಾಂಡಲಿನ, ಸಪೂರ ಟೈರಿನ ರೇಸ್ ಸೈಕಲ್ಲುಗಳು ಬೆಂಗಳೂರಿನಿಂದ ಈ ತಾಲ್ಲೂಕುಗಳಿಗೂ ಈಚೆಗೆ ಬರತೊಡಗಿವೆ. ಮೇಷ್ಟರುಗಳು, ಬ್ಯಾಂಕಿನವರು, ಸಕ್ಕರೆಕಾಯಿಲೆಗೆ ಹೆದರಿದ ನಡುವಯಸ್ಸಿನವರು ಮುಂಜಾನೆ ಅವನ್ನೇರಿ ಹೊರಡುತ್ತಾರೆ. ಅವುಗಳಲ್ಲಿ ಹಲವಕ್ಕೆ 23 ಅಥವಾ 25 ಮಿಲಿಮೀಟರಿನ ಟೈರು, ನೂರು ಪೌಂಡಿಗೂ ಮೇಲ್ಪಟ್ಟ ಗಾಳಿ. ಇದು ಯೂರೋಪಿನ ಪಂದ್ಯಗಳಿಂದ ಬಂದ ಸಂಪ್ರದಾಯ. ಟೈರು ಸಪೂರವಾದಷ್ಟೂ ಗಟ್ಟಿಯಾದಷ್ಟೂ ವೇಗ ಹೆಚ್ಚೆಂಬ ನಂಬಿಕೆ ಅಲ್ಲಿ ದಶಕಗಳ ಕಾಲ ವೇದವಾಕ್ಯದಂತೆ ನಡೆಯಿತು. ಪರೀಕ್ಷೆ ಮಾಡಿ ನೋಡಿದಾಗ ಬೇರೆಯೇ ಕಂಡಿತು. ನೆಲವನ್ನು ಮುಟ್ಟಿದೆಡೆಯಲ್ಲಿ ಟೈರು ಚಪ್ಪಟೆಯಾಗಿ ಪುನಃ ದುಂಡಗಾಗುವಾಗ ರಬ್ಬರಿನೊಳಗೆ ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ. ಒಂದೇ ಒತ್ತಡದಲ್ಲಿ ಅಗಲವಾದ ಟೈರಿನ ಸ್ಪರ್ಶಭಾಗ ಉದ್ದದಲ್ಲಿ ಗಿಡ್ಡವಾಗಿರುವುದರಿಂದ ಅದರ ಬಾಗುವಿಕೆಯೂ ವ್ಯಯವೂ ಕಡಮೆ. ಅದಲ್ಲದೆ, ಒರಟು ರಸ್ತೆಯಲ್ಲಿ ಅತಿ ಗಟ್ಟಿಯಾದ ಟೈರು ಪ್ರತಿ ಹರಳಿಗೂ ಎಗರಿ, ಮುಂದಕ್ಕೆ ಹೋಗಬೇಕಾದ ಶಕ್ತಿಯನ್ನು ಮೇಲಕ್ಕೆ ಎಸೆಯುತ್ತದೆ. ಆ ನಡುಕವನ್ನು ಸವಾರನ ಮಾಂಸಖಂಡಗಳೇ ನುಂಗಿಕೊಳ್ಳಬೇಕು. ಹೀಗೆ 2010ರ ದಶಕದಿಂದೀಚೆಗೆ ಪಂದ್ಯದ ಸವಾರರೇ 23ರಿಂದ 25ಕ್ಕೆ, 25ರಿಂದ 28ಕ್ಕೆ ಸರಿದರು. ಅಗಲವಾದ ಟೈರಿಗೆ ಅಡ್ಡಿಯಾಗಿದ್ದ ಚಿಮಟಿಗೆಯಂತಹ ಬ್ರೇಕು ಹೋಗಿ, 2018ರಲ್ಲಿ ಡಿಸ್ಕ್ ಬ್ರೇಕಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪೂರ್ಣ ಸಮ್ಮತಿ ದೊರೆತ ಮೇಲಂತೂ 30, 32ರ ಟೈರುಗಳು ರೇಸ್ ಸೈಕಲ್ಲಿಗೂ ಸಲ್ಲುವ ಮಾತಾಯಿತು. ನಮ್ಮ ಹಾಲಿನವನ ಸೈಕಲ್ಲು ಕದಲದೆ ನಿಂತಿದ್ದ ಎಡೆಯ ಸಮೀಪಕ್ಕೆ ಪ್ರಪಂಚವೇ ಸುತ್ತಿ ಬಂದಿತೆಂದರೆ ಅತಿಶಯೋಕ್ತಿಯಾಗದು.

ಹಾಗಾದರೆ ಮಧುಗಿರಿಯ ಪೇಟೆಯಲ್ಲಿಯೂ ಪಾವಗಡದ ದಾರಿಯಲ್ಲಿಯೂ ಓಡಾಡತಕ್ಕವನು ಯಾವುದನ್ನು ಕೊಳ್ಳಬೇಕು? ಮೊದಲು ತನ್ನ ಸೈಕಲ್ಲಿನ ಫೋರ್ಕಿನಲ್ಲಿಯೂ ಬ್ರೇಕಿನ ಕೆಳಗೂ ಎಷ್ಟು ಸಂದು ಇದೆಯೆಂಬುದನ್ನು ನೋಡಬೇಕು. ಟೈರಿನ ಎರಡು ಪಕ್ಕಕ್ಕೂ ನಾಲ್ಕು ಮಿಲಿಮೀಟರಾದರೂ ತೆರಪು ಉಳಿಯುವಂತಿದ್ದರೆ 32ನ್ನು ಹಾಕಿಸಲಿ. ಹಳೆಯ ಫ್ರೇಮಾದರೆ 28ಕ್ಕೆ ತೃಪ್ತಿಪಡಬೇಕು. ಮೇಲುರಬ್ಬರಿನ ಅಡಿಯಲ್ಲಿ ಮುಳ್ಳು ತಡೆಯುವ ಪಟ್ಟಿಯುಳ್ಳ ಟೈರನ್ನೇ ಆರಿಸತಕ್ಕದ್ದು. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನಶಾಸ್ತ್ರಜ್ಞೆ ಕಂಡುಹಿಡಿದ ಕೆವ್ಲಾರ್ ನೂಲಿನಿಂದಲೋ ಅಂತಹ ಇತರ ನೂಲಿನಿಂದಲೋ ನೇಯ್ದ ಪಟ್ಟಿ ಹಗುರ. ಶ್ವಾಲ್ಬೆಯವರ ಮ್ಯಾರಥಾನ್ ಪ್ಲಸ್ಸಿನಲ್ಲಿರುವಂತಹ ಐದು ಮಿಲಿಮೀಟರಿನ ರಬ್ಬರಿನ ಪದರ ಭಾರ, ಆದರೆ ನೆಗ್ಗಿಲಿನ ಮುಳ್ಳು ಟ್ಯೂಬನ್ನು ಮುಟ್ಟುವ ಮುನ್ನವೇ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬಳ್ಳಾರಿ ಜಾಲಿಯ ಉದ್ದನೆಯ ಮುಳ್ಳಿಗೆ ಯಾವ ಕವಚವೂ ಪೂರ್ಣ ರಕ್ಷೆಯಲ್ಲ. ಇಷ್ಟೆಲ್ಲಕ್ಕೆ ಹಣ ಕೊಡಲಾರದವರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸುವ ಹಳ್ಳಿಯ ಉಪಾಯವನ್ನು ಅನುಸರಿಸಬಹುದು. ಅದರಿಂದ ಗಾಲಿ ಸ್ವಲ್ಪ ಮಂದವಾದೀತು, ಆದರೆ ಊರು ತಲಪಿಸುತ್ತದೆ.

ಟ್ಯೂಬಿಲ್ಲದೆ ಟೈರಿನೊಳಗೆ ತೂತು ಮುಚ್ಚುವ ದ್ರವ ತುಂಬುವ ಪದ್ಧತಿಯಲ್ಲಿ ಮುಳ್ಳಿನ ಸಣ್ಣ ತೂತುಗಳು ತಾವೇ ಮುಚ್ಚಿಕೊಳ್ಳುವುದು ನಿಜ. ಆದರೆ ನಮ್ಮ ಬೇಸಗೆಯ ಬಿಸಿಲಿನಲ್ಲಿ ಆ ದ್ರವ ಬೇಗನೆ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ತಾಳ್ಮೆಯಿಲ್ಲದವರಿಗೆ ಅದು ಸಲ್ಲದು.

ಗಾಳಿಯ ವಿಷಯದಲ್ಲಿ ನಮ್ಮವರ ಚಪಲ ದೊಡ್ಡದು. ಹೆಬ್ಬೆರಳಿಗೆ ಕಲ್ಲಿನಂತೆ ತಾಗುವವರೆಗೆ ಪಂಪು ಒತ್ತಿಸದಿದ್ದರೆ ಸಮಾಧಾನವಿಲ್ಲ. ಎಪ್ಪತ್ತು ಕಿಲೋ ತೂಗುವ ಸವಾರನಿಗೆ 32ರ ಟೈರಿನಲ್ಲಿ ಹಿಂದಕ್ಕೆ ಅರುವತ್ತೈದು, ಮುಂದಕ್ಕೆ ಐವತ್ತೈದು ಪೌಂಡು ಸಾಕು. ಅಲ್ಲಿಂದ ಐದೈದು ಪೌಂಡು ಹೆಚ್ಚುಕಡಮೆ ಮಾಡಿ ತನ್ನ ಮೈಗೆ ಹಿತವಾದುದನ್ನು ಕಂಡುಕೊಳ್ಳಬೇಕು. ತೀರ ಇಳಿಸಿದರೆ ಮೇಲೆ ಹೇಳಿದ ಕಣದ ಕಲ್ಲು ಕಾದುಕೊಂಡಿದೆ. ಮುಂಜಾನೆಯ ತಂಪಿನಲ್ಲಿ ತುಂಬಿಸಿದ ಗಾಳಿ ಏಪ್ರಿಲ್ ಮಧ್ಯಾಹ್ನ ಕಚೇರಿಯ ಮುಂದಿನ ಬಿಸಿಲಿನಲ್ಲಿ ನಾಲ್ಕೈದು ಪೌಂಡು ಏರುವುದೆಂಬುದನ್ನೂ, ಆ ಬಿಸಿಲೇ ಟೈರಿನ ಪಕ್ಕಗಳನ್ನು ಬಿರಿಯಿಸುವುದೆಂಬುದನ್ನೂ ನೆನೆದು, ಹೊಂಗೆಯ ನೆರಳಿದ್ದಲ್ಲಿ ಸೈಕಲ್ಲು ನಿಲ್ಲಿಸಿದರೆ ಟೈರು ಹೆಚ್ಚು ಕಾಲ ಬಾಳುತ್ತದೆ.

ಕೊನೆಯದಾಗಿ ಒಂದು ತೊಡಕು ಉಳಿದಿದೆ. ಹಳೆಯ ಕರಿಯ ಸೈಕಲ್ಲಿನ ಟೈರನ್ನೂ ರೇಸ್ ಸೈಕಲ್ಲಿನ 700 ಸಿ ಟೈರನ್ನೂ ಇಪ್ಪತ್ತೆಂಟು ಅಂಗುಲದ್ದೆಂದೇ ಕರೆಯುವರಾದರೂ, ರಿಮ್ಮಿನ ಮೇಲೆ ಕೂರುವೆಡೆಯಲ್ಲಿ ಮೊದಲನೆಯದರ ವ್ಯಾಸ 635 ಮಿಲಿಮೀಟರು, ಎರಡನೆಯದರದು 622. ಒಂದು ಇನ್ನೊಂದಕ್ಕೆ ಆಗುವುದಿಲ್ಲ. ವಾಲ್ವೂ ಬೇರೆ: ಕರಿಯ ಸೈಕಲ್ಲಿನ ವಾಲ್‌ಟ್ಯೂಬಿಗೆ ಹೊಂದುವ ಪಂಪಿನ ಬಾಯಿ ರೇಸ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವನ್ನು ಹಿಡಿಯದು. "ಇದಕ್ಕೆ ಇಲ್ಲಿ ಟ್ಯೂಬ್ ಸಿಗಲ್ಲ ಸಾರ್, ಬೆಂಗಳೂರಿಂದಲೇ ತರಿಸ್ಬೇಕು" ಎಂಬ ಉತ್ತರವನ್ನು ತಾಲ್ಲೂಕುಕೇಂದ್ರಗಳಲ್ಲಿ ಕೇಳದ ಸವಾರನಿಲ್ಲ. ಆದುದರಿಂದ ಈ ಸೀಮೆಯಲ್ಲಿ ಹೊರಡುವವರು ಎರಡು ಟ್ಯೂಬು, ಲಿವರು, ಸಣ್ಣ ಪಂಪು ಇವನ್ನು ಜೊತೆಯಲ್ಲಿ ಇಟ್ಟುಕೊಳ್ಳಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೈಕಲ್ ಅಂಗಡಿಯವರು ಹಳೆಯ ಟ್ಯೂಬುಗಳ ಪಕ್ಕದಲ್ಲಿ 700 ಸಿ ಅಳತೆಯ ಹತ್ತು ಟ್ಯೂಬುಗಳನ್ನೂ, ಪ್ರೆಸ್ಟಾ ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರುಗಳನ್ನೂ ತರಿಸಿಡಬೇಕೆಂದು ನಮ್ಮ ಪ್ರಾರ್ಥನೆ.