ಚಂದ್ರನ ಚಿತ್ರಗಳಲ್ಲಿ ನಕ್ಷತ್ರಗಳೇಕಿಲ್ಲ?

೧೯೬೯ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಇಬ್ಬರೂ ಚಂದ್ರನ ಮೇಲೆ ತೆಗೆದ ಚಿತ್ರಗಳು ಸ್ಟುಡಿಯೋದಲ್ಲಿ ಹುಟ್ಟಿದವೆಂದು ಹೋದ ವರ್ಷದ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಚಪ್ಪಾಳೆ ಗಿಟ್ಟಿಸಿದವನು ನಾನೇ. “ಆಕಾಶದಲ್ಲಿ ಒಂದಾದರೂ ನಕ್ಷತ್ರವಿದೆಯೇ? ಗಾಳಿಯಿಲ್ಲದೆಡೆ ಬಾವುಟ ಹಾರುವುದೆಂತು?” ಎಂದಾಗ ಎದುರು ಪಕ್ಷದವರು ಸುಮ್ಮನಾದರು. ಊರಿನಲ್ಲಿ ಬಹುಮಾನ ತೋರಿಸಿ ಇದನ್ನೆಲ್ಲ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ, “ಓದಿದವನು ನೀನು, ನಿಜವಾಗಿಯೂ ಅವರು ಹೋಗಿರಲಿಲ್ಲವೇನಪ್ಪಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಅಂದು ರಾತ್ರಿ ಬೀದಿದೀಪದ ಕೆಳಗೆ ತಮ್ಮನನ್ನು ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರ ತೆಗೆದೆ. ಅವನ ಮುಖ ಚೆನ್ನಾಗಿ ಬಂತು. ಮೇಲಿದ್ದ ನಕ್ಷತ್ರಗಳಲ್ಲಿ ಒಂದೂ ಬರಲಿಲ್ಲ. ಚಂದ್ರನಲ್ಲಿಯೂ ನಡೆದದ್ದು ಇಷ್ಟೇ. ಅವರು ಇಳಿದದ್ದು ಅಲ್ಲಿಯ ಹಗಲಿನಲ್ಲಿ. ಬಿಸಿಲಿಗೆ ಬೆಳಗುವ ನೆಲ, ಬಿಳಿಯ ಉಡುಪು. ಅಷ್ಟು ಬೆಳಕಿಗೆ ಕ್ಯಾಮರಾದ ಕಣ್ಣು ಸೆಕೆಂಡಿನ ೨೫೦ರಲ್ಲೊಂದು ಭಾಗದಷ್ಟು ಹೊತ್ತು ತೆರೆದರೆ ಸಾಕು. ಅಷ್ಟರಲ್ಲಿ ನಕ್ಷತ್ರದ ಮಂದ ಬೆಳಕು ಫಿಲ್ಮಿನಲ್ಲಿ ಮೂಡದು. ಬಾವುಟದ ಮೇಲಂಚಿನೊಳಗೆ ಅಡ್ಡಕೋಲಿತ್ತು. ಅದು ಪೂರ್ತಿ ಚಾಚಿಕೊಳ್ಳದೆ ಬಟ್ಟೆ ನೆರಿಗೆಗಟ್ಟಿತು. ನಾನು ಗಾಳಿಯೆಂದದ್ದು ಆ ನೆರಿಗೆಯನ್ನು!

ನೌಕೆಯ ಕೆಳಭಾಗ ಇನ್ನೂ ಅಲ್ಲಿಯೇ ಕುಳಿತಿರುವುದನ್ನು ನಮ್ಮ ಚಂದ್ರಯಾನ-೨ ೨೦೨೧ರಲ್ಲಿ ಸೆರೆಹಿಡಿದಿದೆ. ಆ ಚಿತ್ರವನ್ನು ಅಪ್ಪನಿಗೆ ತೋರಿಸಿದೆ. “ಚಪ್ಪಾಳೆ ತಟ್ಟಿದವರಿಗೂ ಹೇಳಿದೆಯಾ?” ಎಂದು ಕೇಳಿದರು.

ಈ ಲೇಖನ ಅದಕ್ಕಾಗಿ.