ಗಿರಾಕಿಯು ಮರಳಿ ಬರುವುದೇಕೆ?

ಉಪಾಹಾರದ ಉದ್ಯಮವು ಒಂದು ವಿಷಯದಲ್ಲಿ ಇತರ ವ್ಯಾಪಾರಗಳಿಗಿಂತ ಭಿನ್ನವಾದುದು. ಬಂಗಾರದ ಅಂಗಡಿಗೆ ಗಿರಾಕಿಯು ಮದುವೆ ಮುಂಜಿಗಳಿಗೊಮ್ಮೆ ಬಂದರೂ ಸಾಗುತ್ತದೆ. ಜವಳಿಯವನಿಗೆ ವರ್ಷದಲ್ಲಿ ನಾಲ್ಕು ಹಬ್ಬಗಳಿದ್ದರೆ ಸಾಕು. ಆದರೆ ಅವಸರದಲ್ಲಿ ತಿಂದು ಹೋಗುವವರಿಗಾಗಿ ಒಲೆ ಹೊತ್ತಿಸಿದವನು, ಇಂದು ಬಂದವರು ನಾಳೆ ಬಾರದಿದ್ದರೆ, ಬಾಡಿಗೆಯನ್ನು ಸಹ ತೆರಲಾರನು. ಒಂದು ತಟ್ಟೆ ಇಡ್ಲಿಯಲ್ಲಿ ಉಳಿಯುವುದು ಅತ್ಯಲ್ಪ. ಅದೇ ಮನುಷ್ಯನು ನೂರು ಸಲ ಬಂದಾಗಲೇ ಅದು ಲಾಭವೆನಿಸಿಕೊಳ್ಳುತ್ತದೆ. ಆದುದರಿಂದ ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯಗಳನ್ನು ಈ ಉದ್ಯಮಿಗಳು ಹಗಲಿರುಳು ಹುಡುಕುತ್ತಿರುವುದು ಆಶ್ಚರ್ಯವಲ್ಲ. ಆ ಉಪಾಯಗಳಿಗೆಲ್ಲ ಈಗ ‘ಗಿರಾಕಿಯ ನಿಷ್ಠೆ’ ಎಂಬ ಗಂಭೀರವಾದ ಹೆಸರು ಬಂದಿದೆ. ನಿಷ್ಠೆಯೆಂಬುದು ನಮ್ಮಲ್ಲಿ ತೂಕವುಳ್ಳ ಶಬ್ದ. ಅದನ್ನು ಎಂತಹ ವಸ್ತುವಿಗೆ ಸಲ್ಲಿಸುತ್ತಿದ್ದೇವೆಂಬುದನ್ನು ವಾಚಕರು ಒಮ್ಮೆ ವಿಚಾರಿಸಿ ನೋಡುವುದು ಯುಕ್ತ.

ಈ ಉದ್ಯಮದ ಇಂದಿನ ರೂಪಕ್ಕೆ ತಳಹದಿ ಬಿದ್ದುದು ಅಮೇರಿಕೆಯಲ್ಲಿ. ೧೯೪೮ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ನಗರದ ಮೆಕ್‌ಡೊನಾಲ್ಡ್ ಸಹೋದರರಿಬ್ಬರು ತಮ್ಮ ಭೋಜನಶಾಲೆಯನ್ನು ಕೆಲಕಾಲ ಮುಚ್ಚಿ, ಪದಾರ್ಥಗಳ ಪಟ್ಟಿಯನ್ನು ೯ಕ್ಕೆ ಇಳಿಸಿ, ತಂದುಕೊಡುವ ಆಳುಗಳನ್ನು ಬಿಡಿಸಿ, ೧೫ ಸೆಂಟುಗಳಿಗೆ ಒಂದು ಹ್ಯಾಂಬರ್ಗರನ್ನು ಕ್ಷಣಮಾತ್ರದಲ್ಲಿ ಕೊಡುವ ಪದ್ಧತಿಯನ್ನು ಆರಂಭಿಸಿದರು. ನಿನ್ನೆಯ ರುಚಿ, ನಿನ್ನೆಯ ದರ, ನಿನ್ನೆಯ ವೇಗ ಇಂದೂ ದೊರೆಯುವುದೆಂಬ ಭರವಸೆಯೇ ಅಲ್ಲಿ ಗಿರಾಕಿಯನ್ನು ಮರಳಿ ಕರೆಯುತ್ತಿತ್ತು. ಆ ಆಹಾರವು ದೇಹಕ್ಕೆ ಹಿತವೇ ಎಂಬುದು ಬೇರೆಯ ಪ್ರಶ್ನೆ. ಭರವಸೆಯ ಮಟ್ಟಿಗೆ ಅದು ನೇರವಾದ ವ್ಯವಹಾರವಾಗಿತ್ತು.

ಅಂಗಡಿಗಳು ಹೆಚ್ಚಿದಂತೆ ಇಷ್ಟರಿಂದಲೇ ತೃಪ್ತಿಯಾಗದೆ ಆಮಿಷಗಳು ಹುಟ್ಟಿದವು. ಸಬ್‌ವೇ ಎಂಬ ಸಂಸ್ಥೆಯು ಖರೀದಿಗೊಂದು ಚಿಕ್ಕ ಚೀಟಿಯನ್ನು ಕೊಟ್ಟು, ಚೀಟಿಗಳನ್ನಂಟಿಸಿದ ಕಾರ್ಡು ತುಂಬಿದಾಗ ಒಂದು ತಿಂಡಿಯನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಖೋಟಾ ಚೀಟಿಗಳ ಹಾವಳಿಯಿಂದ ೨೦೦೫ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮನೋವಿಜ್ಞಾನಿಗಳೂ ಈ ಆಮಿಷದ ಬಲವನ್ನು ಅಳೆದು ನೋಡಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾಫಿಯಂಗಡಿಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೆಲವರಿಗೆ ೧೦ ಮುದ್ರೆಗಳ ಕಾರ್ಡನ್ನೂ, ಕೆಲವರಿಗೆ ೨ ಮುದ್ರೆಗಳನ್ನು ಮೊದಲೇ ಒತ್ತಿದ ೧೨ ಮುದ್ರೆಗಳ ಕಾರ್ಡನ್ನೂ ಕೊಟ್ಟರು. ಇಬ್ಬರೂ ಕೊಳ್ಳಬೇಕಾದುದು ೧೦ ಬಟ್ಟಲು ಕಾಫಿಯೇ. ಆದರೂ ಎರಡನೆಯ ಪಂಗಡದವರು ಬೇಗನೆ ಮುಗಿಸಿದರು. ಇನಾಮು ಹತ್ತಿರವಾದಂತೆಲ್ಲ ಜನರು ಬೇಗಬೇಗನೆ ಬಂದರು. ಇನಾಮು ಕೈಸೇರಿದ ಮೇಲೆ ಅವರ ವೇಗವು ಮತ್ತೆ ಇಳಿಯಿತು. ಈ ಕೊನೆಯ ಮಾತನ್ನು ಉದ್ಯಮಿಗಳು ಗಮನಿಸಬೇಕು. ಕಾರ್ಡು ತುಂಬುವವರೆಗೆ ಮಾತ್ರ ಬಾಳುವುದು ಕಾರ್ಡಿನ ಮೇಲಣ ಆಸೆಯೇ ಹೊರತು ಅಂಗಡಿಯ ಮೇಲಣ ನಿಷ್ಠೆಯಲ್ಲ.

ಈಗ ಕಾಗದದ ಕಾರ್ಡಿನ ಸ್ಥಾನಕ್ಕೆ ಕೈಯ ಫೋನು ಬಂದಿದೆ. ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ೨೦೨೧ರಲ್ಲಿ ಅಮೇರಿಕೆಯಾದ್ಯಂತ ಇಂತಹ ಯೋಜನೆಯನ್ನು ಜಾರಿಗೆ ತಂದಿತು. ಗಿರಾಕಿಯು ಏನನ್ನು, ಯಾವಾಗ, ಎಷ್ಟಕ್ಕೆ ತಿಂದನೆಂಬ ಲೆಕ್ಕವೆಲ್ಲ ಇದರಿಂದ ಅಂಗಡಿಗೆ ದೊರೆಯುತ್ತದೆ. ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯಲ್ಲಂತೂ ಗಿರಾಕಿಗಳು ಮುಂಗಡವಾಗಿ ತುಂಬಿಟ್ಟು ಇನ್ನೂ ಖರ್ಚು ಮಾಡದ ಹಣವು ೧೦೦ ಕೋಟಿ ಡಾಲರುಗಳನ್ನು ಮೀರಿದೆ. ಬಡ್ಡಿಯಿಲ್ಲದೆ ಸಾಲ ಕೊಟ್ಟವನು ಗಿರಾಕಿ. ಇನಾಮಿನ ನಿಯಮಗಳನ್ನು ಬದಲಿಸುವ ಅಧಿಕಾರ ಮಾತ್ರ ಅಂಗಡಿಯದು. ೨೦೨೩ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆಯು, ೫೦ ಅಂಕಗಳಿಗೆ ದೊರೆಯುತ್ತಿದ್ದ ಸಾದಾ ಬಿಸಿ ಕಾಫಿಗೆ ಅಮೇರಿಕೆಯಲ್ಲಿ ೧೦೦ ಅಂಕಗಳನ್ನು ಗೊತ್ತುಮಾಡಿತು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆಯನ್ನು ಆ ದೇಶದವರು ಕೇಳಿರಲಾರರು. ಅದರ ಅರ್ಥವನ್ನು ಮಾತ್ರ ಅರಿತಿರಬೇಕು.

ರಿಯಾಯಿತಿ ಕೊಡುವುದು ಅಪರಾಧವೇ ಎಂದು ಯಾರಾದರೂ ಕೇಳಬಹುದು. ಖಂಡಿತವಾಗಿಯೂ ಅಲ್ಲ. ನಿತ್ಯವೂ ಬರುವವನಿಗೆ ನಾಲ್ಕು ಕಾಸು ಬಿಟ್ಟುಕೊಡುವುದು ವ್ಯಾಪಾರದ ಹಳೆಯ ಸೌಜನ್ಯ. ಆದರೆ ರಿಯಾಯಿತಿಯನ್ನು ನೆಚ್ಚಿ ಬಂದವನು ರಿಯಾಯಿತಿಯೊಡನೆಯೇ ಹೊರಟುಹೋಗುತ್ತಾನೆ. ನಮ್ಮ ದೇಶದ ಹೋಟೆಲಿನವರು ಇದನ್ನು ಅನುಭವದಿಂದ ಬಲ್ಲರು. ಜೊಮ್ಯಾಟೊ ಸಂಸ್ಥೆಯ ‘ಗೋಲ್ಡ್’ ಯೋಜನೆಯಲ್ಲಿ ಸದಸ್ಯತ್ವದ ಹಣವು ಆ ಸಂಸ್ಥೆಗೆ ಸೇರುತ್ತಿತ್ತು. ಪುಕ್ಕಟೆ ತಿಂಡಿಯ ಭಾರವು ಹೋಟೆಲಿನ ಮೇಲೆ ಬೀಳುತ್ತಿತ್ತು. ೨೦೧೯ರ ಆಗಸ್ಟಿನಲ್ಲಿ ಗುರುಗ್ರಾಮದಿಂದ ಮೊದಲ್ಗೊಂಡು ಅನೇಕ ನಗರಗಳ ಹೋಟೆಲುಗಳು ಇಂತಹ ಯೋಜನೆಗಳಿಂದ ಹೊರಬಿದ್ದು ಪ್ರತಿಭಟಿಸಿದವು. ಅಡಿಗೆ ಒಬ್ಬನದು, ಗಿರಾಕಿ ಇನ್ನೊಬ್ಬನವನು ಎಂಬ ಸ್ಥಿತಿ ಬಂದ ಮೇಲೆ ಅಡಿಗೆಯವನಿಗೆ ಉಳಿಯುವುದೇನು? ಹೊಗೆಯಷ್ಟೆ.

ಹಾಗಾದರೆ ನಿಜವಾದ ನಿಷ್ಠೆಯನ್ನು ಗಳಿಸುವುದು ಹೇಗೆ? ಇದರ ಉತ್ತರದಲ್ಲಿ ಪೂರ್ವ ಪಶ್ಚಿಮಗಳ ಭೇದವಿಲ್ಲ. ಅಮೇರಿಕೆಯ ಡೊಮಿನೋಸ್ ಸಂಸ್ಥೆಯು ೨೦೦೯ರ ಕೊನೆಯಲ್ಲಿ, ತನ್ನ ಪಿಟ್ಜಾ ರಟ್ಟಿನಂತಿದೆಯೆಂಬ ಗಿರಾಕಿಗಳ ನಿಂದೆಯನ್ನು ತನ್ನ ಜಾಹಿರಾತಿನಲ್ಲಿ ತಾನೇ ಸಾರಿ, ತಪ್ಪನ್ನೊಪ್ಪಿಕೊಂಡು, ಪಾಕವನ್ನು ಬದಲಿಸಿತು. ೨೦೧೦ರ ಮೊದಲ ಮೂರು ತಿಂಗಳಲ್ಲಿ ಆ ದೇಶದ ಅದರ ಅಂಗಡಿಗಳ ಮಾರಾಟವು ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ ೧೪ಕ್ಕೂ ಹೆಚ್ಚಾಗಿ ಏರಿತು. ಸತ್ಯವನ್ನು ನುಡಿದುದರಿಂದ ಗಿರಾಕಿಯು ಓಡಿಹೋಗಲಿಲ್ಲ, ಹತ್ತಿರ ಬಂದನು.

ನಮ್ಮ ಬೆಂಗಳೂರಿನ ನಿದರ್ಶನವು ಇನ್ನೂ ಹಳೆಯದು. ಈಗ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಗಿರುವ ಹೋಟೆಲನ್ನು ಉಡುಪಿ ಸೀಮೆಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಸ್ಥಾಪಿಸಿದರು. ಅವರಲ್ಲೊಬ್ಬರಾದ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪನ್ನು ಸುತ್ತಿ ಬಂದು, ಅಲ್ಲಿಯ ನೈರ್ಮಲ್ಯದ ಕ್ರಮಗಳನ್ನು ಇಲ್ಲಿ ಆಚರಣೆಗೆ ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಊಟದ ಕೋಣೆಗೆ ಹೋಗುವಂತೆ ಮಾಡಿದರು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೫-೭೬ರ ಸುಮಾರಿಗೆ, ಸರಕಾರವು ತಿಂಡಿಗಳ ದರವನ್ನು ಕಡ್ಡಾಯವಾಗಿ ಇಳಿಸಿತು. ತುಪ್ಪವನ್ನು ಕಡಿಮೆ ಮಾಡಿ ದರದೊಡನೆ ಗುಣವನ್ನೂ ಇಳಿಸುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ, ದಿನದಿನದ ನಷ್ಟವನ್ನು ಫಲಕದ ಮೇಲೆ ಬರೆದು ಬಾಗಿಲಲ್ಲಿ ತೋರಿಸಿ, ಕೊನೆಗೆ ಹೋಟೆಲನ್ನೇ ಮುಚ್ಚಿದರೆಂದು ಹೇಳುತ್ತಾರೆ. ಹಿಟ್ಟು ಪುಡಿಗಳ ಮಾರಾಟದಿಂದ ಸಂಸ್ಥೆಯು ಜೀವ ಹಿಡಿದುಕೊಂಡಿತು. ೧೯೮೪ರಲ್ಲಿ ಬಾಗಿಲು ಮತ್ತೆ ತೆರೆದಾಗ ಗಿರಾಕಿಗಳು ಬಂದರು. ಇಂದಿಗೂ ಸರದಿಯಲ್ಲಿ ಕಾಯುತ್ತಾರೆ. ವರ್ಷಗಳ ಕಾಲ ಬಾಗಿಲು ಮುಚ್ಚಿದ್ದರೂ ಅಳಿಯದೆ ಉಳಿದುದನ್ನು ನಾವು ನಿಷ್ಠೆಯೆಂದು ಕರೆಯುತ್ತೇವೆ.

ಇದು ಕುಳಿತು ತಿನ್ನುವವರ ಮಾತೆಂದು ತಳ್ಳಿಹಾಕಲಾಗದು. ೧೯೮೩ರ ಸುಮಾರಿಗೆ ಜಯನಗರದಲ್ಲಿ ಮೊದಲಾದ ದರ್ಶಿನಿಗಳಲ್ಲಿ ಕುರ್ಚಿಯಿಲ್ಲ, ಮಾಣಿಯಿಲ್ಲ, ಗಿರಾಕಿಯ ಹೆಸರನ್ನು ಕೇಳುವವರೂ ಇಲ್ಲ. ದರವು ಗೋಡೆಯ ಮೇಲಿದೆ, ದೋಸೆಯ ಕಲ್ಲು ಕಣ್ಣೆದುರಿಗಿದೆ. ಹಣ ಕೊಟ್ಟು ಚೀಟಿ ಪಡೆದವನು ಹತ್ತು ನಿಮಿಷಗಳಲ್ಲಿ ತಿಂದು ತನ್ನ ಕೆಲಸಕ್ಕೆ ಹೋಗುತ್ತಾನೆ. ಅವನನ್ನು ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಗೇ ಎಳೆದು ತರುವುದು ಕಲ್ಲಿನ ಮೇಲಣ ದೋಸೆ, ನಿನ್ನೆಯಂತೆಯೇ ಇರುವ ಚಟ್ನಿ.

ಹೋಟೆಲಿನ ಮಾಲಿಕರಲ್ಲಿ ನಮ್ಮ ವಿನಂತಿ ಇಷ್ಟೆ: ಇನಾಮುಗಳಿಗೆ ಚೆಲ್ಲುವ ಹಣದಲ್ಲಿ ಅರ್ಧವನ್ನಾದರೂ ಎಣ್ಣೆಗೂ, ಬೇಳೆಗೂ, ಪಾತ್ರೆ ತೊಳೆಯುವವರ ಸಂಬಳಕ್ಕೂ ವಿನಿಯೋಗಿಸಿರಿ. ಅಧಿಕಾರಿಗಳು ದರದ ಮೇಲೆ ಕಣ್ಣಿಡುವಷ್ಟೇ ಅಡಿಗೆಮನೆಯ ಮೇಲೆಯೂ ಕಣ್ಣಿಡಲಿ. ದರವನ್ನು ಬಲಾತ್ಕಾರವಾಗಿ ಇಳಿಸಿದರೆ ಪ್ರಾಮಾಣಿಕನ ಬಾಗಿಲೇ ಮೊದಲು ಮುಚ್ಚೀತೆಂಬುದನ್ನು ಮಾವಳ್ಳಿಯ ಫಲಕವು ತೋರಿಸಿದೆ. ಗಿರಾಕಿಗಳಾದ ನಾವೂ ಒಂದು ಲೆಕ್ಕವನ್ನಿಟ್ಟುಕೊಳ್ಳಬೇಕು. ಪುಕ್ಕಟೆಯ ಹನ್ನೊಂದನೆಯ ಬಟ್ಟಲಿನ ಬೆಲೆಯನ್ನು ಮೊದಲಿನ ಹತ್ತರಲ್ಲಿ ನಾವೇ ತೆತ್ತಿರುತ್ತೇವೆ.